ಓದಿದ್ದು ಒಂದು, ಆದದ್ದು ಇನ್ನೊಂದು

ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಬಸ್ಸಿಳಿದರೆ ಮಹಾರಾಜ ಕಾಲೇಜಿಗೆ ಆಟೊ ಬೇಕಿಲ್ಲ. ಊರಿನವರ ಬಾಯಲ್ಲಿ ಅದು ಬರೀ ‘ಮಹಾರಾಜಾಸ್’. ವೃತ್ತಕ್ಕೆ ಹೆಸರು ಕೊಟ್ಟ ರಾಮಸ್ವಾಮಿಯೂ ವಿದ್ಯಾರ್ಥಿಯೇ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದಾಗ ಗುಂಡಿಗೆ ಬಲಿಯಾದ ಹೈಸ್ಕೂಲು ಹುಡುಗ. ಜೆಎಲ್‌ಬಿ ರಸ್ತೆ ಹಿಡಿದು ಸ್ವಲ್ಪ ನಡೆದರೆ ಮರಗಳ ಹಿಂದೆ ಕಟ್ಟಡ ಕಾಣುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಬೆಳೆದು ಕಾಲೇಜಾಯಿತು. ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಕೈಯಿಂದ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ಇಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಮದರಾಸು. ಇಷ್ಟು ಚರಿತ್ರೆ ಸಾಕು. ಇದು ಯಾವ ಫಲಕದಲ್ಲಾದರೂ ಸಿಗುತ್ತದೆ. ನಾನು ಬಂದದ್ದು ಬೇರೆ ಕುತೂಹಲದಿಂದ: ಇಲ್ಲಿ ಓದಿ ದೊಡ್ಡವರಾದವರು ಓದಿದ್ದಾದರೂ ಏನು?

ಮೆಟ್ಟಿಲು ಹತ್ತಿದರೆ ಕಮಾನುಗಳ ಉದ್ದನೆಯ ವರಾಂಡ. ಗೋಡೆ ದಪ್ಪ, ಸೂರು ಎತ್ತರ; ಹೊರಗಿನ ಬಿಸಿಲು ಒಳಗೆ ತಟ್ಟುವುದೇ ಇಲ್ಲ. ನೋಟಿಸ್ ಬೋರ್ಡಿನಲ್ಲಿ ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕ, ಅದರ ಮೇಲೆ ಅರ್ಧ ಹತ್ತಿದ ಪರೀಕ್ಷೆಯ ವೇಳಾಪಟ್ಟಿ. ಇಲ್ಲಿನ ಜೂನಿಯರ್ ಬಿ.ಎ. ಹಾಲ್ ಈಗಲೂ ಆ ಹೆಸರಿನಲ್ಲೇ ಉಳಿದಿದೆ. ಮೈಸೂರಿನ ವಿಚಾರ ಸಂಕಿರಣಗಳ ಆಹ್ವಾನ ಪತ್ರಿಕೆ ಓದುವವರಿಗೆ ಅದು ಹೊಸದಲ್ಲ.

1918ರಲ್ಲಿ ಇಲ್ಲಿ ತತ್ತ್ವಶಾಸ್ತ್ರ ಹೇಳಿಕೊಡಲು ಬಂದವರು ಸರ್ವಪಲ್ಲಿ ರಾಧಾಕೃಷ್ಣನ್. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದರೆಂಬ ಕಥೆಯನ್ನು ಪ್ರತಿ ವರ್ಷ ಶಿಕ್ಷಕರ ದಿನಾಚರಣೆಯಲ್ಲಿ ಕೇಳುತ್ತೇವೆ. ಅವರು ತತ್ತ್ವಶಾಸ್ತ್ರ ಹಿಡಿದ ಕಥೆಯನ್ನು ಮಾತ್ರ ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ಡಿಗ್ರಿ ಮುಗಿಸಿದ ಬಂಧುವೊಬ್ಬ ತನ್ನ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟ. ಮನೆಯಲ್ಲಿ ದುಡ್ಡಿಗೆ ಕಷ್ಟವಿತ್ತು. ಪುಸ್ತಕ ಬಿಟ್ಟಿ ಸಿಕ್ಕ ವಿಷಯವನ್ನೇ ಹುಡುಗ ತೆಗೆದುಕೊಂಡ.

ಅದೇ ತತ್ತ್ವಶಾಸ್ತ್ರದಲ್ಲಿ 1927ರಲ್ಲಿ ಬಿ.ಎ. ಮುಗಿಸಿದವರು ಕುಪ್ಪಳಿಯ ಪುಟ್ಟಪ್ಪ. ಕುವೆಂಪು ಮೊದಲಿನಿಂದಲೂ ಕನ್ನಡವನ್ನೇ ಓದಿದವರು ಎಂದು ನಂಬಿದವರು ಬಹಳ ಮಂದಿ. ಕನ್ನಡ ಎಂ.ಎ. ತರಗತಿ ಶುರುವಾದದ್ದೇ ಅದೇ ವರ್ಷ. ಅವರು ಮೊದಲ ತಂಡಕ್ಕೆ ಸೇರಿದರು. ಟಿ.ಎಸ್. ವೆಂಕಣ್ಣಯ್ಯ ಮೇಷ್ಟ್ರು, ಡಿ.ಎಲ್. ನರಸಿಂಹಾಚಾರ್ ಸಹಪಾಠಿ. 1929ರಲ್ಲಿ ಪಾಸಾದರು, ಇಲ್ಲೇ ಅಧ್ಯಾಪಕರಾದರು, 1955ರಲ್ಲಿ ಪ್ರಿನ್ಸಿಪಾಲರಾದರು, ಮರುವರ್ಷ ಕುಲಪತಿ. ಇತ್ತ ಕನ್ನಡವನ್ನು ತಲೆಯೆತ್ತಿಸಲು ಊರೂರು ತಿರುಗಿದ ಬಿ.ಎಂ. ಶ್ರೀಕಂಠಯ್ಯನವರು ಈ ವರಾಂಡದಲ್ಲಿ ಇಂಗ್ಲಿಷ್ ಪ್ರೊಫೆಸರು. ಕನ್ನಡದ ಕೆಲಸಕ್ಕೆ ಕನ್ನಡ ವಿಭಾಗದಿಂದಲೇ ಅಪ್ಪಣೆ ಬೇಕೆಂದು ಅಂದು ಯಾರಿಗೂ ಅನಿಸಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎ.ಕೆ. ರಾಮಾನುಜನ್ ಪ್ರಸಂಗ. ಸೇರಿದ್ದು ಸೈನ್ಸಿಗೆ. ತಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರೊಫೆಸರು. ಮಗನಿಗೆ ಗಣಿತ ಒಲಿಯುವುದಿಲ್ಲವೆಂದು ಕಂಡುಕೊಂಡವರು ಅವರೇ. ಇಂಗ್ಲಿಷಿಗೆ ಬದಲಾಯಿಸಿಕೊಳ್ಳುವಂತೆ ಒಪ್ಪಿಸಿದವರೂ ಅವರೇ. 1949ರಲ್ಲಿ ಆನರ್ಸ್, ಮರುವರ್ಷ ಎಂ.ಎ. ವಚನಗಳೂ ಸಂಗಂ ಕವಿತೆಗಳೂ ರಾಮಾನುಜನ್ ಅನುವಾದದಲ್ಲಿ ಅಮೆರಿಕದ ತರಗತಿಗಳಿಗೆ ಹೋಗಿದ್ದರ ಹಿಂದೆ ಗಣಿತದ ಮೇಷ್ಟ್ರ ಈ ತೀರ್ಮಾನವಿದೆ. ಸಿಇಟಿ ರ‍್ಯಾಂಕಿಗಾಗಿ ಮಕ್ಕಳನ್ನು ಕೋಚಿಂಗಿಗೆ ನೂಕುವ ಅಪ್ಪಂದಿರಿಗೆ ಇದನ್ನು ಹೇಳಿ ನೋಡಿದ್ದೇನೆ. ನಗುತ್ತಾರೆ, ಅಷ್ಟೇ.

ಆರ್.ಕೆ. ನಾರಾಯಣ್ ಕಥೆ ಇನ್ನೂ ತಮಾಷೆ. ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅವರು ಫೇಲಾದದ್ದು ಇಂಗ್ಲಿಷಿನಲ್ಲಿ! ಒಂದು ವರ್ಷ ಮನೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿ ಆಮೇಲೆ ಸೇರಿ, ಮೂರು ವರ್ಷದ ಬಿ.ಎ.ಯನ್ನು ನಾಲ್ಕು ವರ್ಷದಲ್ಲಿ ಮುಗಿಸಿದರು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1936ರಲ್ಲಿ ಆನರ್ಸ್ ಮಾಡಿದ್ದು ಸೋಷಿಯಲ್ ಫಿಲಾಸಫಿ ಎಂಬ ವಿಷಯದಲ್ಲಿ. ಮುಂದೆ ಅವರು ಪುಸ್ತಕ ಬಿಟ್ಟು ಹಳ್ಳಿಯ ಜಗಲಿ ಸೇರಿದರು. ಮನಶ್ಶಾಸ್ತ್ರದ ಎಂ.ವಿ. ಗೋಪಾಲಸ್ವಾಮಿಯವರದು ಇನ್ನೊಂದೇ ಬಗೆ. ಲಂಡನ್ನಿನಲ್ಲಿ ಓದಿ ಬಂದವರು. ಇಲ್ಲಿ ಪಾಠ ಮಾಡುತ್ತಲೇ 1935ರಲ್ಲಿ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು.

ವರಾಂಡದ ಈ ತುದಿಯಿಂದ ಆ ತುದಿಗೆ ನಡೆದಾಗ ಒಂದು ಹೊಳೆಯಿತು. ಇವರೆಲ್ಲ ಒಂದೇ ಸೂರಿನಡಿ ಇದ್ದವರು. ತತ್ತ್ವಶಾಸ್ತ್ರದ ಹುಡುಗ ಕ್ಲಾಸಿಗೆ ಹೋಗುವಾಗ ಇಂಗ್ಲಿಷ್ ಮೇಷ್ಟ್ರು ಎದುರಾಗುತ್ತಿದ್ದರು. ಕನ್ನಡದ ಪಾಠ ಪಕ್ಕದ ಕಿಟಕಿಯಿಂದ ಕೇಳುತ್ತಿತ್ತು. 1960ರಲ್ಲಿ ಕುಕ್ಕರಹಳ್ಳಿ ಕೆರೆಯಾಚೆ ಮಾನಸಗಂಗೋತ್ರಿ ಎದ್ದಿತು, ಎಂ.ಎ. ತರಗತಿಗಳು ಅತ್ತ ಹೋದವು. ಅದು ಕುವೆಂಪು ಅವರದೇ ಕನಸು, ಬೇಕಾದದ್ದೂ ಹೌದು. ಆದರೆ ಅಲ್ಲಿ ವಿಭಾಗಕ್ಕೊಂದು ಕಟ್ಟಡ, ಕಟ್ಟಡಕ್ಕೊಂದು ಕಾಂಪೌಂಡು. ಕನ್ನಡದವರು ಮನಶ್ಶಾಸ್ತ್ರದವರನ್ನು ಕಾಣಬೇಕಾದರೆ ಕ್ಯಾಂಟೀನಿಗೇ ಹೋಗಬೇಕು. ನಷ್ಟ ಸಣ್ಣದಲ್ಲ ಎಂದೇ ನನ್ನ ಲೆಕ್ಕ.

ಮೆಟ್ಟಿಲ ಮೇಲೆ ಕೂತಿದ್ದ ಹುಡುಗನನ್ನು ಮಾತಾಡಿಸಿದೆ.

“ಏನಪ್ಪಾ ಓದ್ತಿರೋದು?”

“ಎಚ್‌ಇಪಿ ಸಾರ್.” ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್.

“ಇಷ್ಟಪಟ್ಟು ತಗೊಂಡ್ಯಾ?”

“ಕೆಎಎಸ್‌ಗೆ ಹೆಲ್ಪ್ ಆಗುತ್ತೆ ಅಂದ್ರು ಸಾರ್, ಅದಕ್ಕೆ.” ಊರು ಎಚ್.ಡಿ. ಕೋಟೆ ಕಡೆ, ಹಾಸ್ಟೆಲಿನಲ್ಲಿದ್ದಾನೆ. ಬ್ಯಾಗಿನಿಂದ ಕೊಳಲಿನ ತುದಿ ಇಣುಕುತ್ತಿತ್ತು. ಕೇಳಿದ್ದಕ್ಕೆ, “ಅದು ಸುಮ್ನೆ, ಸಾರ್” ಎಂದ.

ಕಾಲೇಜು ನೋಡಿ ಸಮಯ ಉಳಿದರೆ ಕೃಷ್ಣರಾಜ ಬುಲೆವಾರ್ಡಿನಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೂ ನೋಡಿಕೊಳ್ಳಿ. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ್ದು ಆ ಸಂಸ್ಥೆಯಲ್ಲಿದ್ದಾಗ. ಆಮೇಲೆ ಆಟೊ ಹಿಡಿದು ಯಾದವಗಿರಿಗೆ ಹೋಗಬಹುದು. ಅಲ್ಲಿ ನಾರಾಯಣ್ ಮನೆ ಈಗ ಮ್ಯೂಸಿಯಂ. ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾದವರು ಇಂಗ್ಲಿಷಿನಲ್ಲೇ ಬರೆದ ಪುಸ್ತಕಗಳನ್ನು ಅಲ್ಲಿ ನೋಡಬಹುದು.