ಸೂಜಿಯ ಮರುವಾರದ ಜ್ವರ

ಸಿರುಗುಪ್ಪ ತಾಲ್ಲೂಕಿನ ಕರೂರು ಬತ್ತ ಬೆಳೆಯುವ ಸೀಮೆ. ಸುಗ್ಗಿಯ ದಿನಗಳಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ಪರಿಚಯದ ಮನೆಯೊಂದರಲ್ಲಿ ಅತ್ತೆಗೂ ಸೊಸೆಗೂ ವಾದ ನಡೆದಿದ್ದಿತು. ಒಂಬತ್ತು ತಿಂಗಳು ತುಂಬಿದ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ್ದರು. ಎಂಟು ದಿನ ಕಳೆದ ಮೇಲೆ ಮಗುವಿಗೆ ಜ್ವರ ಬಂದು, ಮೈಮೇಲೆ ಕೆಂಪು ಗುಳ್ಳೆಗಳು ಕಾಣಿಸಿಕೊಂಡು, ಎರಡು ದಿನದಲ್ಲಿ ಅಡಗಿದವು. “ಚಲೋ ಇದ್ದ ಕೂಸಿಗೆ ಬ್ಯಾನಿ ತಂದಿಟ್ರು, ಎರಡನೇ ಸೂಜಿ ಬ್ಯಾಡವ್ವ” ಎಂದು ಅತ್ತೆಯ ಹಟ. ಸೊಸೆ ನಮ್ಮ ಕಡೆಗೆ ನೋಡಿದಳು.

ಹಿರಿಯಾಕೆಯ ಮಾತನ್ನು ನಾವು ನಗೆಯಾಡಲಾರೆವು. ಜ್ವರ ಸೂಜಿಯಿಂದಲೇ ಬಂದಿರಬಹುದು. ಆದರೆ ಅದು ಎಂತಹ ಜ್ವರವೆಂಬುದನ್ನು ಅರಿಯಬೇಕು.

ದಡಾರದ ವೈರಸ್ಸಿನ ಒಳಗೆ ಆರ್‌ಎನ್‌ಎ ಎಂಬ ಎಳೆಯಿದೆ; ಹೊರಗೆ ಪ್ರೋಟೀನಿನ ಹೊದಿಕೆಯಿದೆ. ಆ ಪ್ರೋಟೀನುಗಳ ಚಹರೆಯಿಂದ ನಮ್ಮ ಮೈ ಪರಕೀಯನನ್ನು ಗುರುತಿಸುವುದು. ಈ ಗುರುತಿಗೆ ಪ್ರತಿಜನಕವೆಂದು ಹೆಸರು. ಲಸಿಕೆಯಲ್ಲಿರುವುದು ಅದೇ ವೈರಸ್ಸಿನ ಬಲಗುಂದಿಸಿದ ಸಜೀವ ತಳಿ. ಅದು ಮೈಯಲ್ಲಿ ಅಲ್ಪಸ್ವಲ್ಪ ಬೆಳೆಯಬೇಕಾದುದರಿಂದ, ಜ್ವರ ಬರುವುದಿದ್ದರೆ ಸಾಮಾನ್ಯವಾಗಿ ಏಳರಿಂದ ಹನ್ನೆರಡು ದಿನಗಳ ಮೇಲೆ ಬರುವುದು.

ಪ್ರತಿಜನಕವೊಂದಿದ್ದರೆ ಸಾಕೆಂದು ಬಹುಮಂದಿ ಬಗೆಯುವರು. ಸಾಲದು. ದಿನವೂ ಉಣ್ಣುವ ಬೇಳೆಯಲ್ಲಿಯೂ ಹಾಲಿನಲ್ಲಿಯೂ ಇರುವುದು ಪರಕೀಯ ಪ್ರೋಟೀನೇ. ಅದರ ಮೇಲೆಲ್ಲ ಮೈ ಯುದ್ಧ ಹೂಡುವುದೆ? ಗುರುತಿನ ಜೊತೆಗೆ ಅಪಾಯದ ಕೂಗೊಂದು ಬೇಕು. ದಡಾರದಂತಹ ವೈರಸ್ಸಿನಲ್ಲಿ ಆ ಕೂಗನ್ನೆಬ್ಬಿಸುವುದು ಮುಖ್ಯವಾಗಿ ಅದರ ಆರ್‌ಎನ್‌ಎ.

ನಮ್ಮ ಜೀವಕೋಶಗಳಲ್ಲಿಯೂ ಆರ್‌ಎನ್‌ಎ ಉಂಟಷ್ಟೆ, ಅದಕ್ಕೇಕೆ ಗಾಬರಿಯೆಂದು ಸೊಸೆ ಕೇಳಿದಳು. ಒಳ್ಳೆಯ ಪ್ರಶ್ನೆ. ಎತ್ತು ಕೊಟ್ಟಿಗೆಯಲ್ಲಿದ್ದರೆ ಯಾರೂ ಏಳರು. ಅದೇ ಎತ್ತು ದೇವರ ಮನೆಯಲ್ಲಿ ಕಂಡರೆ ಮನೆಯೆಲ್ಲ ಎಚ್ಚರವಾಗುವುದು. ಹೊರಗಿನದನ್ನು ನುಂಗಿ ಇಡುವ ಚೀಲಗಳು ಕೋಶದಲ್ಲಿವೆ. ಅಲ್ಲಿ ಆರ್‌ಎನ್‌ಎ ಕಂಡರೆ ಟಿಎಲ್‌ಆರ್-7 ಎಂಬ ಕಾವಲು ಪ್ರೋಟೀನು ಕೂಗೆಬ್ಬಿಸುವುದು. ಜೋಡಿ ಎಳೆಯ ಆರ್‌ಎನ್‌ಎ, ತುದಿಗೆ ನಮ್ಮ ಮೊಹರಿಲ್ಲದ ಆರ್‌ಎನ್‌ಎ, ಇವುಗಳನ್ನು ಹಿಡಿಯುವ ಕಾವಲು ಬೇರೆ. ಕೂಗೆದ್ದೊಡನೆ 1957ರಲ್ಲಿ ಕಂಡುಹಿಡಿಯಲಾದ ಇಂಟರ್‌ಫೆರಾನ್ ಮೊದಲಾದ ರಸಗಳು ಹೊರಡುವುವು. ಮಗುವಿನ ಮೈ ಕಾಯುವುದು ಇಂತಹ ರಸಗಳಿಂದಲೇ. ಕೂಗು ಕೇಳಿದ ಡೆಂಡ್ರಿಟಿಕ್ ಕೋಶಗಳು ಪ್ರತಿಜನಕವನ್ನು ಹೊತ್ತು ದುಗ್ಧಗ್ರಂಥಿಗೆ ಹೋಗಿ ಟಿ-ಕೋಶಗಳಿಗೆ ತೋರಿಸುವುವು. ಅವುಗಳ ನೆರವಿನಿಂದ ಬಿ-ಕೋಶಗಳು ಪ್ರತಿಕಾಯಗಳನ್ನು ತಯಾರಿಸುವುವು. ಕೂಗಿಲ್ಲದೆ ಗುರುತನ್ನಷ್ಟೇ ಕಂಡ ಟಿ-ಕೋಶ ಎಷ್ಟೋ ವೇಳೆ ಸುಮ್ಮನಾಗಿಬಿಡುವುದು.

ಇದನ್ನರಿತೇ, 2021ರ ಜನವರಿಯಿಂದ ನಮ್ಮ ದೇಶದಲ್ಲಿ ಹಾಕಲಾದ ಕೋವ್ಯಾಕ್ಸಿನ್ ಲಸಿಕೆಯಲ್ಲಿ, ಕೊಂದ ವೈರಸ್ಸಿನ ಜೊತೆಗೆ, ಟಿಎಲ್‌ಆರ್-7 ಮತ್ತು 8ನ್ನು ಎಬ್ಬಿಸುವ ರಾಸಾಯನಿಕವೊಂದನ್ನು ಫಟಕದ ಜೆಲ್ಲಿಗೆ ಅಂಟಿಸಿ ಸೇರಿಸಿದ್ದರು. ಆರ್‌ಎನ್‌ಎಯ ಕೂಗನ್ನು ಅಣಕಿಸುವ ಮದ್ದು!

ಕೂಗು ಮಿತಿಮೀರಿದರೂ ಕಷ್ಟ. ಪ್ರತಿಜನಕವನ್ನು ಮೈಯೇ ತಯಾರಿಸಲೆಂದು ಬರಿಯ ಆರ್‌ಎನ್‌ಎಯನ್ನು ಒಳಗೆ ಕಳುಹಿಸಿದಾಗ, ಗಲಭೆಗೆ ಬೆದರಿದ ಕೋಶ ಪ್ರೋಟೀನು ಮಾಡುವ ಕೆಲಸವನ್ನೇ ತಗ್ಗಿಸುತ್ತಿದ್ದಿತು; ಕೂಗಿನಿಂದ ಗುರುತೇ ಕೆಡುತ್ತಿದ್ದಿತು. ಯೂರಿಡಿನ್ ಎಂಬ ಅಕ್ಷರವನ್ನು ಸ್ವಲ್ಪ ಮಾರ್ಪಡಿಸಿದರೆ ಕಾವಲು ಶಾಂತವಾಗಿರುವುದೆಂದು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಅತ್ತೆ ಇಷ್ಟನ್ನೂ ಕೇಳಿ, “ಹಂಗಾರ ಜ್ವರ ಬರದ ಕೂಸಿಗೆ ಸೂಜಿ ಹತ್ತಿಲ್ಲೇನು?” ಎಂದರು. ಹಾಗಲ್ಲ, ಹೆಚ್ಚಿನ ಮಕ್ಕಳಲ್ಲಿ ಈ ಕೂಗು ಹೊರಗೆ ತಿಳಿಯದೆಯೇ ಕೆಲಸ ಮುಗಿಸುವುದು. ಆದರೆ ಮಗುವಿಗೆ ಸೆಳೆತ ಬಂದರೆ, ಮಂಪರು ಕವಿದರೆ, ಹಾಲು ಬಿಟ್ಟರೆ, ಸೂಜಿಯ ಜ್ವರವೆಂದು ಕುಳಿತುಕೊಳ್ಳದೆ ವೈದ್ಯರ ಬಳಿಗೆ ಒಯ್ಯಬೇಕೆಂದು ನಾವು ಇಬ್ಬರಿಗೂ ಒತ್ತಿ ಹೇಳಿದೆವು.

ಎರಡನೆಯ ಸೂಜಿ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ಮಗುವಿಗೆ ಆಗ ಹದಿನಾಲ್ಕು ತಿಂಗಳು. ಅತ್ತೆ ಒಪ್ಪಿದೆನೆನ್ನಲಿಲ್ಲ, ತಾಯಿ ಕಾರ್ಡನ್ನು ಗೂಡಿನಿಂದ ತೆಗೆದು, ತಾರೀಖನ್ನು ಓದಿ ಹೇಳೆಂದು ಸೊಸೆಯ ಕೈಗಿತ್ತರು.