ಮೂತ್ರದ ಸ್ಲೈಡಿನಲ್ಲಿ ಕಂಡದ್ದು ರಕ್ತಕಣವೋ, ಯೀಸ್ಟೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳ್ಳಿಯ ಮನೆಯಲ್ಲೇ ಹಿಡಿದ ಮೂತ್ರ ಬಸ್ಸಿನಲ್ಲಿ ಬಂದು ಲ್ಯಾಬ್ ಸೇರುವಷ್ಟರಲ್ಲಿ ಎರಡು ಗಂಟೆ ಮೀರಿದರೆ, ಅದರಲ್ಲಿ ಯೀಸ್ಟ್ ಇದ್ದದ್ದು ಹೆಚ್ಚುತ್ತದೆ, ಕೆಂಪು ರಕ್ತಕಣ ಇದ್ದದ್ದು ಒಡೆಯತೊಡಗುತ್ತದೆ. ಹಾಗಾಗಿ ಮಾದರಿಯನ್ನು ಲ್ಯಾಬಿನಲ್ಲೇ ಕೊಡಿಸುವುದು ಒಳ್ಳೆಯದು. ಯೀಸ್ಟನ್ನು ರಕ್ತವೆಂದು ಬರೆದುಬಿಟ್ಟರೆ, ಮೂತ್ರಪಿಂಡದಲ್ಲಿ ಕಲ್ಲೇ ಇಲ್ಲದ ಕೂಲಿಕಾರರು ಸ್ಕ್ಯಾನಿಂಗಿಗೆಂದು ವಿಜಯಪುರಕ್ಕೆ ಅಲೆಯುತ್ತಾರೆ. ಆ ದಿನದ ಪಗಾರವೂ ಹೋಗುತ್ತದೆ.

40ಎಕ್ಸ್ ಲೆನ್ಸಿನಡಿ ಎರಡೂ ದುಂಡಗೆ, ಸಣ್ಣಗೆ ಕಾಣುತ್ತವೆ. ಒಂದೇ ಕಣ ನೋಡಿ ತೀರ್ಮಾನಿಸಬೇಡಿ. ಇಡೀ ಫೀಲ್ಡ್ ನೋಡಿ. ಕೆಂಪು ಕಣಗಳು ಸುಮಾರು 7 ಮೈಕ್ರಾನ್ ಅಗಲವಿದ್ದು, ಬಹುಮಟ್ಟಿಗೆ ಒಂದೇ ಅಳತೆಯವು. ನಸುಹಳದಿ ಛಾಯೆ, ನಡುವೆ ತಗ್ಗು. ಯೀಸ್ಟ್ ಹಾಗಲ್ಲ: ಒಂದು ದೊಡ್ಡದು, ಒಂದು ಚಿಕ್ಕದು, ಹೆಚ್ಚಿನವು ಮೊಟ್ಟೆಯಾಕಾರ. ಫೈನ್ ಫೋಕಸ್ ತಿರುಗಿಸಿದರೆ ಮಿರುಗುತ್ತವೆ. ಮೊಳಕೆಯೊಡೆದ ಹೆಸರುಕಾಳಿನಂತೆ ಮಗ್ಗುಲಲ್ಲಿ ಮರಿಕೋಶ ಅಂಟಿಕೊಂಡಿದ್ದರೆ ಅನುಮಾನ ಬೇಡ, ಅದು ಯೀಸ್ಟೇ. ಉದ್ದನೆಯ ಎಳೆಗಳೂ ಜೊತೆಗಿದ್ದರೆ ಬಹುಶಃ ಕ್ಯಾಂಡಿಡಾ.

ನಮ್ಮ ಕಡೆ ತೊಡಕಾಗುವುದು ಗಟ್ಟಿ ಮೂತ್ರದಲ್ಲಿ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದವರ ಮೂತ್ರದಲ್ಲಿ ರಕ್ತಕಣ ಮುದುಡಿ, ಅಂಚು ಮುಳ್ಳುಮುಳ್ಳಾಗುತ್ತದೆ, ಅಳತೆಯೂ ಕುಗ್ಗುತ್ತದೆ. ಆಗ ಕಣ್ಣನ್ನಷ್ಟೇ ನಂಬಬಾರದು. ಸೆಂಟ್ರಿಫ್ಯೂಜ್ ಮಾಡಿ ಉಳಿದ ಗಸಿಯ ಒಂದು ಹನಿಗೆ ಶೇ. 2ರ ಅಸಿಟಿಕ್ ಆಮ್ಲದ ಒಂದು ಹನಿ ಸೇರಿಸಿ, ಬೇರೆ ಸ್ಲೈಡಿನಲ್ಲಿ ಮತ್ತೆ ನೋಡಿ. ರಕ್ತಕಣಗಳು ಕರಗಿ ಮಾಯವಾಗುತ್ತವೆ, ಯೀಸ್ಟ್ ಅಲುಗದೆ ಉಳಿಯುತ್ತದೆ, ಬಿಳಿ ರಕ್ತಕಣಗಳ ಕೋಶಕೇಂದ್ರ ಇನ್ನೂ ಸ್ಪಷ್ಟವಾಗುತ್ತದೆ. 2 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲವನ್ನು 98 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ ಹಾಕಿದರೆ ದ್ರಾವಣ ಸಿದ್ಧ. ಇಷ್ಟು ಅಗ್ಗದ ಪರೀಕ್ಷೆಯನ್ನು ಯಾವ ಲ್ಯಾಬೂ ಬಿಡಬಾರದು.

ರಕ್ತಕಣದಂತೆ ಕಾಣುವ ಉಳಿದವುಗಳಲ್ಲಿ, ಗಾಳಿಗುಳ್ಳೆಯ ಅಂಚು ಕಪ್ಪಾಗಿ ದಪ್ಪಗಿರುತ್ತದೆ. ಮೊಟ್ಟೆಯಾಕಾರದ ಆಕ್ಸಲೇಟ್ ಹರಳು ಮಾತ್ರ ಮೋಸಗೊಳಿಸೀತು, ಅದೂ ಅಸಿಟಿಕ್ ಆಮ್ಲಕ್ಕೆ ಕರಗುವುದಿಲ್ಲ.

ಡಿಪ್‌ಸ್ಟಿಕ್ ಇದ್ದರೆ ತಾಳೆ ನೋಡಿ. ರಕ್ತದ ಪಟ್ಟಿ ಬಣ್ಣ ಬದಲಿಸದೆ, ಸ್ಲೈಡ್ ತುಂಬ ಕಣಗಳಿದ್ದರೆ ಯೀಸ್ಟಿನ ಸಂಶಯ ಬಲವಾಗುತ್ತದೆ. ಆದರೆ ವಿಟಮಿನ್ ಸಿ ಹೆಚ್ಚು ಸೇವಿಸಿದವರಲ್ಲಿ ರಕ್ತವಿದ್ದರೂ ಪಟ್ಟಿ ಸುಮ್ಮನಿರಬಹುದು. ಯೀಸ್ಟ್ ಖಚಿತವಾದರೆ ಸಕ್ಕರೆಯ ಪಟ್ಟಿಯನ್ನೂ ಓದಿ ರಿಪೋರ್ಟಿನಲ್ಲಿ ಬರೆಯಿರಿ, ಏಕೆಂದರೆ ಮಧುಮೇಹಿಗಳಲ್ಲಿ ಅದು ಸುಲಭವಾಗಿ ಬೆಳೆಯುತ್ತದೆ. ಹೆಂಗಸರ ಮಾದರಿಯಲ್ಲಿ ಅದು ಯೋನಿಯಿಂದಲೂ ಬೆರೆತಿರಬಹುದು. ಸ್ವಚ್ಛಗೊಳಿಸಿಕೊಂಡು ನಡುಧಾರೆಯ ಮೂತ್ರ ಹಿಡಿದು ಕೊಡಲು ಹೇಳಿ, ಮತ್ತೊಮ್ಮೆ ಪರೀಕ್ಷಿಸಿ.