ಲೇಶಧಾತುಗಳು ಮತ್ತು ಗರ್ಭಿಣಿಯ ಆರೋಗ್ಯ

ಶರೀರಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸಾಕಾಗುವ, ಆದರೆ ಇಲ್ಲದಿದ್ದರೆ ಜೀವಕ್ರಿಯೆ ನಡೆಯದ ಧಾತುಗಳಿಗೆ ಲೇಶಧಾತುಗಳೆಂದು ಹೆಸರು. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಅಯೋಡಿನ್ ಈ ಗುಂಪಿಗೆ ಸೇರುತ್ತವೆ. ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣವೇ ಸುಮಾರು 3ರಿಂದ 4 ಗ್ರಾಂ. ಇಷ್ಟು ಸ್ವಲ್ಪದರಲ್ಲಿ ಉಂಟಾಗುವ ಏರುಪೇರು ಗರ್ಭಾವಸ್ಥೆಯಲ್ಲಿ ತಾಯಿ ಮತ್ತು ಶಿಶು ಇಬ್ಬರನ್ನೂ ಬಾಧಿಸಬಲ್ಲದು.

ಜೀವಕೋಶಗಳು ಆಮ್ಲಜನಕವನ್ನು ಬಳಸುವಾಗ ಅತಿ ಕ್ರಿಯಾಶೀಲವಾದ ಕೆಲವು ಕಣಗಳು ಹುಟ್ಟುತ್ತವೆ. ಅವು ಹೆಚ್ಚಾದರೆ ಕೋಶದ ಪೊರೆಯನ್ನೂ ಪ್ರೋಟೀನನ್ನೂ ಕೆಡಿಸುತ್ತವೆ. ಅವುಗಳನ್ನು ಶಮನಗೊಳಿಸಲು ದೇಹದಲ್ಲಿ ಕಿಣ್ವಗಳಿವೆ. ಒಂದು ಕಿಣ್ವಕ್ಕೆ ತಾಮ್ರ ಮತ್ತು ಸತು, ಇನ್ನೊಂದಕ್ಕೆ ಮ್ಯಾಂಗನೀಸ್, ಮತ್ತೊಂದಕ್ಕೆ ಸೆಲೆನಿಯಂ ಬೇಕು. ಕಣಗಳ ಉತ್ಪತ್ತಿ ಈ ರಕ್ಷಣೆಯನ್ನು ಮೀರಿದ ಸ್ಥಿತಿಯೇ ಉತ್ಕರ್ಷಣ ಒತ್ತಡ.

ಗರ್ಭಧಾರಣೆಯಲ್ಲಿ ಜರಾಯು ಬೆಳೆದಂತೆ ಆಮ್ಲಜನಕದ ಬಳಕೆ ಏರುವುದರಿಂದ ಈ ಒತ್ತಡವೂ ತುಸು ಏರುವುದು ಸಹಜ. ಅದು ಮಿತಿಮೀರುವುದಕ್ಕೂ ಪ್ರೀಎಕ್ಲಾಂಪ್ಸಿಯಾ ಎಂಬ ನಂಜಿಗೂ ಸಂಬಂಧವಿದೆ. 20 ವಾರಗಳ ಬಳಿಕ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಾಗುವುದು, ಮೂತ್ರದಲ್ಲಿ ಪ್ರೋಟೀನ್ ಕಾಣುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಇದರ ಸೂಚನೆಗಳು. ಇವು ಕಂಡೊಡನೆ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಮಾತ್ರೆಗಳನ್ನು ಮನಬಂದಂತೆ ನುಂಗುವುದು ಪರಿಹಾರವಲ್ಲ. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ಸಿ ಮತ್ತು ಇ ಜೀವಸತ್ವಗಳ ಹೆಚ್ಚಿನ ಪ್ರಮಾಣವು ಈ ನಂಜನ್ನು ತಡೆಯಲಿಲ್ಲ. ಅತಿಯಾದ ಕಬ್ಬಿಣವೂ ಅದೇ ಹಾನಿಕರ ಕಣಗಳನ್ನು ಹುಟ್ಟಿಸಬಲ್ಲದು. ಆದ್ದರಿಂದ ಕೊರತೆಯೂ ಬೇಡ, ಅತಿಯೂ ಬೇಡ.

ಆದರೆ ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ಕೊರತೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಮಿರಜ ತಾಲೂಕಿನ ಲಿಂಗನೂರಿನಂಥ ಗಡಿಗ್ರಾಮಗಳಿಗೆ ಪರಿಚಿತವಾದ ಜೋಳದ ರೊಟ್ಟಿ, ಮಡಿಕೆಕಾಳು, ಕಡಲೆ, ಎಳ್ಳು, ಗುರೆಳ್ಳು ಚಟ್ನಿಗಳಲ್ಲಿ ಕಬ್ಬಿಣವೂ ಸತುವೂ ಇವೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಇವು ದೇಹಕ್ಕೆ ಸುಲಭವಾಗಿ ದಕ್ಕುತ್ತವೆ. ನಿಂಬೆರಸ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಊಟದೊಡನೆ ಕುಡಿಯುವ ಚಹಾ ಅದನ್ನು ತಡೆಯುತ್ತದೆ.

ಗರ್ಭಿಣಿಗೆ ನಾಲ್ಕನೆಯ ತಿಂಗಳಿಂದ 180 ದಿನ, ದಿನಕ್ಕೊಂದು ಕಬ್ಬಿಣದ ಮಾತ್ರೆ ಸರಕಾರದಿಂದ ಉಚಿತವಾಗಿ ದೊರೆಯುತ್ತದೆ. ಆದರೆ ಬರಿದಾದ ಸಂಗ್ರಹವನ್ನು ಅಷ್ಟರಲ್ಲಿ ತುಂಬುವುದು ಕಷ್ಟ. ತಯಾರಿ ಕಿಶೋರಾವಸ್ಥೆಯಲ್ಲಿಯೇ ಆರಂಭವಾಗಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ಉದ್ದೇಶವೂ ಇದೇ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇವೆ. ಮಾತ್ರೆಯಿಂದ ಮಲ ಕಪ್ಪಾದರೆ ಮಕ್ಕಳು ಹೆದರಿ ಬಿಟ್ಟುಬಿಡುವುದುಂಟು. ಅದು ನಿರಪಾಯಕಾರಿ ಎಂದು ಮೊದಲೇ ತಿಳಿಸಬೇಕು. ಊಟದ ನಂತರ ಸೇವಿಸಿದರೆ ಹೊಟ್ಟೆ ತೊಳಸುವುದು ಕಡಿಮೆ.

ಮಹಾರಾಷ್ಟ್ರದಲ್ಲಿ ಆರೋಗ್ಯ ಇಲಾಖೆಯ ಸೂಚನೆಗಳು ಬಹುಮಟ್ಟಿಗೆ ಮರಾಠಿಯಲ್ಲಿರುತ್ತವೆ. ಅವುಗಳ ಅರ್ಥವನ್ನು ಕನ್ನಡ ಮನೆಗಳಿಗೆ ಮುಟ್ಟಿಸುವವರು ಹಲವೆಡೆ ಶಿಕ್ಷಕರೇ. ತರಗತಿಯಲ್ಲಿ ತಾಯ್ನುಡಿಯಲ್ಲಿ ಹೇಳಿದ ಮಾತು ಇಂದಿನ ವಿದ್ಯಾರ್ಥಿನಿಗೂ, ಆಕೆಯ ಮನೆಯಲ್ಲಿರುವ ಗರ್ಭಿಣಿ ಅಕ್ಕ ಅತ್ತಿಗೆಯರಿಗೂ ತಲುಪುತ್ತದೆ.